ರೈಲು ಯಾರೂ ಕೊಟ್ಟ ದಾನವಲ್ಲ

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ದೇವರಗುಡ್ಡ, ಬ್ಯಾಡಗಿ, ಹಾವೇರಿ, ಕರಜಗಿ, ಯಲವಿಗಿ, ಕುಂದಗೋಳದ ಮೇಲೆ ಹಾದು ಹುಬ್ಬಳ್ಳಿ ಸೇರುವ ರೈಲು ಮಾರ್ಗ 1880ರ ದಶಕದ್ದು. ಅದನ್ನು ಹಾಕಿದ್ದು ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಸದರ್ನ್ ಮರಾಠಾ ರೈಲ್ವೆ ಕಂಪನಿ. ನದಿಯ ಆಚೆ, ಹರಿಹರದಿಂದ ಬೆಂಗಳೂರಿಗೆ ಹೋಗುವ ಹಳಿ ಮೈಸೂರು ಸಂಸ್ಥಾನದ್ದು. ಎರಡರ ಬಗ್ಗೆಯೂ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಇಂಗ್ಲಿಷರು ಎಷ್ಟೇ ಕೆಟ್ಟವರಿರಲಿ, ರೈಲನ್ನಂತೂ ಕೊಟ್ಟು ಹೋದರು. ಆ ರೈಲು ಇಲ್ಲದಿದ್ದರೆ ಈ ಊರುಗಳು ಊರುಗಳೇ ಆಗುತ್ತಿರಲಿಲ್ಲ ಎಂಬುದು ಅದರ ಸಾರ. ನದಿಯ ಆಚೆ ಇದೇ ನಂಬಿಕೆ ಮಹಾರಾಜರ ಔದಾರ್ಯದ ಕಥೆಯಾಗಿದೆ. ಶಾಲೆಯ ಪ್ರಬಂಧ, ಉತ್ಸವದ ಸ್ಮರಣ ಸಂಚಿಕೆ, ಸನ್ಮಾನ ಸಭೆಯ ಭಾಷಣ ಎಲ್ಲದರಲ್ಲೂ ಈ ಮಾತು ತಲೆ ಎತ್ತುತ್ತದೆ, ಯಾರೂ ತಡೆಯುವುದಿಲ್ಲ.

ಈ ಮಾತು ಸುಳ್ಳು. ಸುಳ್ಳಾಗಿದ್ದಷ್ಟೇ ಆಗಿದ್ದರೆ ಇತಿಹಾಸದ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿದರೆ ಸಾಕಾಗುತ್ತಿತ್ತು. ಇದರಿಂದ ಇಂದಿಗೂ ಹಾನಿಯಾಗುತ್ತಿದೆ. ತನ್ನ ದುಡ್ಡಿನಿಂದ, ತನ್ನ ನೆಲದ ಮೇಲೆ, ತನ್ನ ಜನರ ಬೆವರಿನಿಂದ ಕಟ್ಟಿದ ಹಳಿಯನ್ನು ದಾನವೆಂದು ತಿಳಿದ ಜನ ಅದರ ಲೆಕ್ಕ ಕೇಳುವುದಿಲ್ಲ. ದಾನ ಪಡೆದವನು ಕೈ ಮುಗಿಯುತ್ತಾನೆ; ಹಕ್ಕುದಾರನಂತೆ ಜಗಳಕ್ಕೆ ನಿಲ್ಲುವುದಿಲ್ಲ. ಆದ್ದರಿಂದ ಈ ದಾನದ ಕಥೆಯನ್ನು ಬುಡದಿಂದ ಪರೀಕ್ಷಿಸಬೇಕು.

ಮೊದಲು ‘ಊರು ಬೆಳೆದದ್ದೇ ರೈಲಿನಿಂದ’ ಎಂಬ ವಾದ. ರೈಲು ಬರುವುದಕ್ಕೆ ಬಹಳ ಮುಂಚೆಯೇ ಹಾವೇರಿ ಹೆಸರಾದ ಏಲಕ್ಕಿ ಪೇಟೆ. ಮಲೆನಾಡಿನ ತೋಟಗಳ ಏಲಕ್ಕಿ ಇಲ್ಲಿಗೆ ಬರುತ್ತಿತ್ತು. ಊರಿನ ಗೊತ್ತಾದ ಬಾವಿಯ ನೀರಿಗೆ ಅಂಟುವಾಳ, ಸೀಗೆಕಾಯಿ ಕದಡಿ, ಕಾಯಿಗಳನ್ನು ಅದರಲ್ಲಿ ಕೈಯಿಂದ ಕಲೆಸಿ ತೊಳೆದು, ಹರವಿ ಒಣಗಿಸಿ, ಬಣ್ಣ ತಿಳಿಯಾದ ಮೇಲೆ ಮಾರುತ್ತಿದ್ದರು. ಹೀಗೆ ಬಿಳುಪಾದ ಕಾಯಿಗೆ ದೂರದ ಪೇಟೆಗಳಲ್ಲಿ ಬೇರೆಯೇ ಮರ್ಯಾದೆ. ಈ ಕಸುಬನ್ನು ಯಾವ ಎಂಜಿನ್ನೂ ಹೊತ್ತು ತರಲಿಲ್ಲ. ರಾಣೆಬೆನ್ನೂರು ಹತ್ತಿ ಮತ್ತು ಮಗ್ಗದ ಬಟ್ಟೆಯ ಊರು. ಸುತ್ತಣ ಸೀಮೆಯ ಹತ್ತಿ ಚಕ್ಕಡಿಗಳ ಮೇಲೆ, ಹೇರೆತ್ತುಗಳ ಬೆನ್ನ ಮೇಲೆ ಶಿರಸಿಯ ದಾರಿಯಾಗಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಮುಟ್ಟುತ್ತಿತ್ತು. ಲಿವರ್‌ಪೂಲ್ ಪೇಟೆಯಲ್ಲಿ ಧಾರವಾಡ ಸೀಮೆಯ ನಾಡಹತ್ತಿಯನ್ನು ಕುಮಟಾ ಹತ್ತಿ ಎಂದೇ ಗುರುತಿಸುತ್ತಿದ್ದರು. ಹರಿಹರದಲ್ಲಿ ಬೆಂಗಳೂರು–ಧಾರವಾಡ ಹೆದ್ದಾರಿಗೆ ಕಲ್ಲಿನ ಸೇತುವೆ ಸಿದ್ಧವಾದದ್ದು 1868ರಲ್ಲಿ, ಅಂದರೆ ರೈಲಿಗಿಂತ ಸುಮಾರು ಎರಡು ದಶಕ ಮುಂಚೆ. ಪೇಟೆ ಇತ್ತು, ದಾರಿ ಇತ್ತು, ಮಾಲು ಇತ್ತು, ವ್ಯಾಪಾರಿಗಳಿದ್ದರು. ಕಂಪನಿ ಹಳಿಯನ್ನು ಇಲ್ಲಿಗೇ ಎಳೆದದ್ದು ಅದಕ್ಕಾಗಿಯೇ. ಪೇಟೆಯನ್ನು ಹುಡುಕಿಕೊಂಡು ಬಂದ ರೈಲನ್ನೇ ಪೇಟೆಯ ಜನ್ಮದಾತ ಎನ್ನುವುದು ಯಾವ ನ್ಯಾಯ?

ಎರಡನೆಯ ಪ್ರಶ್ನೆ ಉದ್ದೇಶದ್ದು. ಗವರ್ನರ್ ಜನರಲ್ ಡಾಲ್‌ಹೌಸಿ 1853ರಲ್ಲಿ ಬರೆದ ಪ್ರಸಿದ್ಧ ಟಿಪ್ಪಣಿ ರೈಲಿನ ಲಾಭಗಳನ್ನು ಮುಚ್ಚುಮರೆಯಿಲ್ಲದೆ ಎಣಿಸುತ್ತದೆ: ದಂಡನ್ನು ಬೇಗ ಸಾಗಿಸಬಹುದು, ಇಂಗ್ಲೆಂಡಿಗೆ ಬೇಕಾದ ಹತ್ತಿಯನ್ನು ಬಂದರಿಗೆ ಮುಟ್ಟಿಸಬಹುದು, ಅಲ್ಲಿನ ಸರಕನ್ನು ಒಳನಾಡಿಗೆ ತರಬಹುದು. ಧಾರವಾಡ ಸೀಮೆಯ ಮೇಲೆ ಮ್ಯಾಂಚೆಸ್ಟರಿನ ಕಣ್ಣು ಬಿದ್ದದ್ದು ಇನ್ನೂ ಮುಂಚೆ. 1840ರ ದಶಕದಲ್ಲೇ ಇಲ್ಲಿ ಅಮೆರಿಕನ್ ತಳಿಯ ಹತ್ತಿಯನ್ನು ಸರ್ಕಾರ ಬೆಳೆಸಿತು, ಹತ್ತಿ ಬಿಡಿಸುವ ಯಂತ್ರ ತರಿಸಿತು. 1851ರಲ್ಲಿ ಮ್ಯಾಂಚೆಸ್ಟರ್ ವಾಣಿಜ್ಯ ಮಂಡಳಿ ಅಲೆಕ್ಸಾಂಡರ್ ಮಕೈ ಎಂಬವನನ್ನು ಪಶ್ಚಿಮ ಭಾರತದ ಹತ್ತಿಯ ಸ್ಥಿತಿಗತಿ ಅರಿಯಲು ಕಳಿಸಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಬಿತ್ತು, ಸಾಲ ಮಾಡಿ ಹತ್ತಿ ಹಾಕಿದ ರೈತನೂ ಬಿದ್ದ. ರೈಲಿನ ಬೇಡಿಕೆ ಹುಟ್ಟಿದ್ದು ಲ್ಯಾಂಕಷೈರಿನ ಗಿರಣಿಗಳ ಹಸಿವಿನಿಂದ. ರಾಣೆಬೆನ್ನೂರಿನ ರೈತನ ಅನುಕೂಲ ಆ ಲೆಕ್ಕದಲ್ಲಿ ಎಲ್ಲಿತ್ತು?

ಮೂರನೆಯದು ಬರಗಾಲದ ಕಥೆ. ರೈಲು ಬಂದದ್ದು ಜನರನ್ನು ಬರದಿಂದ ಕಾಪಾಡಲು ಎಂದು ಹೇಳುವುದುಂಟು. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ಬಂದ ಮಹಾಕ್ಷಾಮ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನೂ ಮೈಸೂರನ್ನೂ ಹಿಂಡಿಹಾಕಿತು. ಮೈಸೂರೊಂದರಲ್ಲೇ ಸುಮಾರು ಹತ್ತು ಲಕ್ಷ ಜನ, ಐವರಲ್ಲಿ ಒಬ್ಬರಂತೆ, ಸತ್ತರು. ಆ ಹೊತ್ತಿಗೆ ದಕ್ಷಿಣದ ಬರಪೀಡಿತ ಸೀಮೆಯಲ್ಲಿ ರೈಲು ಇರಲೇ ಇಲ್ಲವೆ? ಮದ್ರಾಸಿನಿಂದ ಬಳ್ಳಾರಿಯವರೆಗೆ ರೈಲು ಇತ್ತು, ರಾಯಚೂರಿನ ಮೇಲೆ ಮುಂಬಯಿಗೂ ಇತ್ತು. ಬಳ್ಳಾರಿಯ ಜನ ಬದುಕಿದರೆ? ಹಳಿಯ ಪಕ್ಕದಲ್ಲೇ ಸತ್ತರು. ಧಾನ್ಯ ಸಾಗಿಸುವ ಬಂಡಿ ಇದ್ದರೂ ಕೊಳ್ಳುವ ದುಡ್ಡು ಕೂಲಿಯವನ ಕೈಯಲ್ಲಿರಲಿಲ್ಲ. ದೇಶದಿಂದ ಧಾನ್ಯ ಹಡಗು ಹತ್ತುವುದಂತೂ ನಿಲ್ಲಲಿಲ್ಲ.

ಬರದಲ್ಲಿ ಸರ್ಕಾರ ಕೊಟ್ಟ ಕೂಲಿಯೂ ದಾಖಲಾಗಿದೆ. 1877ರ ಆರಂಭದಲ್ಲಿ ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಗೊತ್ತುಮಾಡಿದ್ದು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೆ ಒಂದು ಆಣೆಯ ಚಿಲ್ಲರೆ. ಅರ್ಧ ಕಿಲೋಗೂ ಕಮ್ಮಿ ಧಾನ್ಯ ತಿಂದು ಇಡೀ ದಿನ ಮಣ್ಣು ಹೊರಬೇಕು, ಕಲ್ಲು ಒಡೆಯಬೇಕು. ಮುಂಬಯಿ ಪ್ರಾಂತದ ಬರಗಾಮಗಾರಿಗಳಲ್ಲಿ ಜನ ಕೆಲಸ ಬಿಟ್ಟು ಎದ್ದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಅದೇ ಟೆಂಪಲ್ ಅದೇ ವರ್ಷ ಮುಂಬಯಿಯ ಗವರ್ನರ್ ಆದ. ನದಿಯಾಚೆ ಬೆಂಗಳೂರು–ಮೈಸೂರು ರೈಲಿನ ಕೆಲಸ ಶುರುವಾದದ್ದೇ ಬರಗಾಮಗಾರಿಯಾಗಿ. ಆ ಹಳಿಯ ಏರಿಗೆ ಮಣ್ಣು ಹೊತ್ತವರು ಮನೆಮಠ ಬಿಟ್ಟು ಬಂದ ಹಸಿದ ಜನ. ಅವರ ಹೆಸರಿನ ಒಂದು ಕಲ್ಲಾದರೂ ಆ ಹಾದಿಯ ಯಾವ ನಿಲ್ದಾಣದಲ್ಲಿದೆ? ದಾನಿಗಳ ಪಟ್ಟಿಯನ್ನು ನಿಜವಾಗಿ ಬರೆಯುವುದಾದರೆ ಮೊದಲ ಸಾಲು ಅವರದು.

ನಾಲ್ಕನೆಯದು ದುಡ್ಡಿನ ಪ್ರಶ್ನೆ. 1880ರ ಕ್ಷಾಮ ಆಯೋಗ ಇನ್ನೂ ಐದು ಸಾವಿರ ಮೈಲಿ ರೈಲು ಬೇಕೆಂದಿತು. ಅದರ ಬೆನ್ನಿಗೆ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಗದಗಿನ ಕಡೆಗೆ ಮೀಟರ್‌ಗೇಜ್ ಹಾಕುವುದು ಅದರ ಮೊದಲ ಕೆಲಸ. ಇದು ಖಾಸಗಿ ಸಾಹಸವೆಂದು ಯಾರಾದರೂ ತಿಳಿದರೆ ಅದು ಅವರ ಮುಗ್ಧತೆ. ಹಳಿಗೆ ಬೇಕಾದ ಜಮೀನು ಕಂಪನಿಗೆ ಪುಕ್ಕಟೆ ಸಿಕ್ಕಿತು. ಹೂಡಿದ ಬಂಡವಾಳಕ್ಕೆ ಬಡ್ಡಿಯ ಖಾತರಿಯನ್ನು ಸರ್ಕಾರ ಕೊಟ್ಟಿತು. ರೈಲು ಓಡಲಿ ಬಿಡಲಿ, ಲಾಭ ಬರಲಿ ನಷ್ಟವಾಗಲಿ, ಲಂಡನ್ನಿನ ಷೇರುದಾರನ ಬಡ್ಡಿ ತಪ್ಪುವುದಿಲ್ಲ. ಗಳಿಕೆ ಸಾಲದೆ ಹೋದರೆ ಕೊರತೆ ತುಂಬುವುದು ಭಾರತದ ಖಜಾನೆ. ಆ ಖಜಾನೆ ತುಂಬುವುದು ಕಂದಾಯ ಕಟ್ಟುವ ರೈತ, ಉಪ್ಪಿನ ತೆರಿಗೆ ಕೊಡುವ ಕೂಲಿ. ನಷ್ಟದ ಭಯವೇ ಇಲ್ಲದ ಮೇಲೆ ಹೂಡಿಕೆದಾರನ ಸಾಹಸ ಯಾವುದು? ಸಾಹಸವೆಲ್ಲ ಬ್ಯಾಡಗಿಯ ರೈತನ ಪಾಲಿಗೆ ಬಿಟ್ಟು, ಕೀರ್ತಿಯನ್ನು ಮಾತ್ರ ಲಂಡನ್ನಿಗೆ ಕಳಿಸಿದ ವ್ಯವಹಾರವಿದು.

ಖಾತರಿಯ ಬಡ್ಡಿ ಪೌಂಡಿನಲ್ಲಿ ಸಂದಾಯವಾಗಬೇಕಿತ್ತು, ತೆರಿಗೆ ಬರುತ್ತಿದ್ದದ್ದು ರೂಪಾಯಿಯಲ್ಲಿ. 1870ರ ದಶಕದ ಆರಂಭದಲ್ಲಿ ಎರಡು ಶಿಲ್ಲಿಂಗಿನ ಹತ್ತಿರವಿದ್ದ ರೂಪಾಯಿ, ಬೆಳ್ಳಿಯ ಬೆಲೆ ಕುಸಿದಂತೆ ಕುಸಿದು, 1890ರ ದಶಕದ ನಡುವೆ ಒಂದು ಶಿಲ್ಲಿಂಗ್ ಎರಡು ಪೆನ್ಸಿನ ಆಸುಪಾಸಿಗೆ ಇಳಿಯಿತು. ಅಷ್ಟೇ ಪೌಂಡಿಗೆ ಹೆಚ್ಚು ಹೆಚ್ಚು ರೂಪಾಯಿ ಕಳಿಸಬೇಕಾಯಿತು. ಹಳಿ ಒಂದು ಗೇಣೂ ಬೆಳೆಯದೆ ಅದರ ಭಾರ ಬೆಳೆಯುತ್ತ ಹೋಯಿತು. ಭಾರತದ ರೈಲುಗಳೆಲ್ಲ ಸೇರಿ ಸರ್ಕಾರಕ್ಕೆ ಲಾಭ ತೋರಿಸತೊಡಗಿದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗಿನ ಐದು ದಶಕ ತೆರಿಗೆದಾರನೇ ರೈಲನ್ನು ಹೊತ್ತ.

ಇದೇ ದುಡ್ಡಿಗೆ ಬೇರೆ ದಾರಿ ಇರಲಿಲ್ಲವೆ? ಇತ್ತು. ಬರ ತಡೆಯಲು ನೀರಾವರಿ ಬೇಕು ಎಂದು ಎಂಜಿನಿಯರ್ ಆರ್ಥರ್ ಕಾಟನ್ ಜೀವಮಾನವೆಲ್ಲ ವಾದಿಸಿದ. ತುಂಗಭದ್ರೆಗೆ ಅಣೆಕಟ್ಟೆಯ ಯೋಚನೆಯನ್ನೂ ಅವನು 1860ರಲ್ಲೇ ಮುಂದಿಟ್ಟಿದ್ದ. ರಮೇಶಚಂದ್ರ ದತ್ತರು ತಮ್ಮ ಆರ್ಥಿಕ ಇತಿಹಾಸದಲ್ಲಿ ರೈಲಿಗೆ ಸುರಿದ ಹಣದ ಮುಂದೆ ನೀರಾವರಿಗೆ ಕೊಟ್ಟದ್ದು ಎಷ್ಟು ಅತ್ಯಲ್ಪ ಎಂಬುದನ್ನು ಲೆಕ್ಕ ಸಮೇತ ತೋರಿಸಿದರು. ರಾಣೆಬೆನ್ನೂರು ತಾಲ್ಲೂಕಿನ ಅಂಚಿಗೇ ತುಂಗಭದ್ರೆ ಹರಿಯುತ್ತದೆ. ಆ ನದಿಯ ಮೇಲೆ ರೈಲು ಸೇತುವೆಗೆ ದುಡ್ಡು ಹುಟ್ಟಿತು. ಅದೇ ನದಿಯಿಂದ ಹಾವೇರಿ ಸೀಮೆಯ ಹೊಲಕ್ಕೆ ನೀರು ತರಲು ಹುಟ್ಟಲಿಲ್ಲ. ತುಂಗಾ ಮೇಲ್ದಂಡೆಯ ನೀರಿಗಾಗಿ ಈ ಜಿಲ್ಲೆ ಇಪ್ಪತ್ತೊಂದನೆಯ ಶತಮಾನದವರೆಗೆ ಕಾಯಬೇಕಾಯಿತು. ಹೊಲ ಒಣಗಿದ್ದರೂ ಹಳಿ ಹೊಳೆಯುತ್ತಿತ್ತಲ್ಲ ಎಂದು ಸಮಾಧಾನಪಡುವವರು ಪಡಲಿ.

ಐದನೆಯ ಆರೋಪ ಮಾರ್ಗದ ಆಯ್ಕೆಯದು. ಧಾರವಾಡ ಸೀಮೆಯ ಸಹಜ ಬಂದರು ಕುಮಟಾ ಮತ್ತು ಕಾರವಾರ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಮ್ಯಾಂಚೆಸ್ಟರಿನ ಒತ್ತಾಯವಿತ್ತು. ಕಾರವಾರ–ಹುಬ್ಬಳ್ಳಿ ರೈಲಿನ ಯೋಜನೆಯೂ ಸಿದ್ಧವಾಗಿತ್ತು. ಅಷ್ಟರಲ್ಲಿ, 1878ರ ಡಿಸೆಂಬರಿನಲ್ಲಿ, ಬ್ರಿಟನ್ನಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. ಗೋವೆಯ ಉಪ್ಪಿನ ಮೇಲೆ ಬ್ರಿಟಿಷರಿಗೆ ಹತೋಟಿ ಸಿಕ್ಕಿತು, ರೈಲು ಮರ್ಮಗೋವೆಗೆ ತಿರುಗಿತು. 1888ರಲ್ಲಿ ಕ್ಯಾಸಲ್‌ರಾಕ್ ಘಟ್ಟದ ಹಳಿ ತೆರೆಯಿತು. ಕಾರವಾರ ಕೈಬಿಟ್ಟು ಹೋಯಿತು. ಕುಮಟಾದ ಹತ್ತಿ ವ್ಯಾಪಾರ ಸೊರಗಿತು. ಎರಡು ದೊರೆತನಗಳ ಕೊಡುಕೊಳ್ಳುವಿಕೆಯಲ್ಲಿ ಕನ್ನಡದ ಕರಾವಳಿ ಮತ್ತು ಬಯಲುಸೀಮೆಯ ಶತಮಾನಗಳ ನಂಟು ಕಡಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ಇಂದಿಗೂ ರೈಲಿಲ್ಲ. ಈಗ ಆ ಹಾದಿಯಲ್ಲಿ ಕಾಡು, ಕಾನೂನು, ಕೋರ್ಟು ಎಲ್ಲ ಎದುರಾಗಿವೆ. ದಾನಿ ಎನಿಸಿಕೊಂಡವನು ಊರಿನ ಹಳೆಯ ಬಾಗಿಲು ಮುಚ್ಚಿ ತನಗೆ ಬೇಕಾದಲ್ಲಿ ಬಾಗಿಲು ತೆರೆದ.

ಆರನೆಯದು ದರದ ಪಕ್ಷಪಾತ. ಬಂದರಿನ ಕಡೆ ಹೋಗುವ ಕಚ್ಚಾ ಮಾಲಿಗೂ ಬಂದರಿನಿಂದ ಒಳಬರುವ ಸಿದ್ಧ ಸರಕಿಗೂ ರೈಲಿನಲ್ಲಿ ಅಗ್ಗದ ದರ. ಒಳನಾಡಿನ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸಿದರೆ ದುಬಾರಿ. 1916–18ರ ಭಾರತೀಯ ಕೈಗಾರಿಕಾ ಆಯೋಗ ಮತ್ತು 1920–21ರ ಆಕ್‌ವರ್ತ್ ಸಮಿತಿಯ ಮುಂದೆ ಈ ದೂರು ಬಂತು. ಇದರರ್ಥ ಸರಳ. ರಾಣೆಬೆನ್ನೂರಿನ ಅರಳೆ ಮರ್ಮಗೋವೆಗೆ ಹೋಗುವುದು ಸಲೀಸು, ಅದೇ ಅರಳೆಯಿಂದ ಇಲ್ಲಿಯೇ ನೂಲು ತೆಗೆದು ಪಕ್ಕದ ಜಿಲ್ಲೆಗೆ ಮಾರುವುದು ಕಷ್ಟ. ಹೋದ ಅರಳೆ ಬಟ್ಟೆಯಾಗಿ ಹಿಂದಿರುಗಿ ಊರಿನ ಮಗ್ಗದ ಕುತ್ತಿಗೆ ಹಿಸುಕಿತು. ಸಾಗಿಸುವ ಯಂತ್ರಗಳದೂ ಇದೇ ಹಾಡು. ಬ್ರಿಟಿಷ್ ಕಾರ್ಖಾನೆಗಳು ಸ್ವಾತಂತ್ರ್ಯಕ್ಕೆ ಮುಂಚೆ ಭಾರತಕ್ಕೆ ಹನ್ನೆರಡು ಸಾವಿರಕ್ಕೂ ಮೇಲೆ ಎಂಜಿನ್ನುಗಳನ್ನು ಮಾರಿದವು. ಇಲ್ಲಿ ತಯಾರಾದವು ಸುಮಾರು 700. ಹುಬ್ಬಳ್ಳಿಯಲ್ಲಿ 1880ರ ದಶಕದಲ್ಲೇ ದೊಡ್ಡ ವರ್ಕ್‌ಶಾಪು ಬಂತು, ಆದರೆ ಅದು ದುರಸ್ತಿಗೆ. ಕೈ ಕಪ್ಪಾಗುವ ಕೆಲಸ ಇಲ್ಲಿನವರಿಗೆ, ಮೇಲಿನ ಹುದ್ದೆ ಅಲ್ಲಿಂದ ಬಂದವರಿಗೆ. ಹಳಿಗೆ ಹಾಸಿದ ದಿಮ್ಮಿಗಳಂತೂ ಉತ್ತರ ಕನ್ನಡದ ಕಾಡಿನವು. 1878ರ ಅರಣ್ಯ ಕಾಯಿದೆ ಸೊಪ್ಪು ಸೌದೆಗೆ ಕಾಡಿಗೆ ಹೋಗುವ ರೈತನನ್ನು ಕಳ್ಳನೆಂದಿತು, ಅದೇ ಕಾಡು ಕಂಪನಿಗೆ ಕಣಜವಾಯಿತು.

ಏಳನೆಯದು ಪ್ರಯಾಣಿಕನ ಪಾಡು. ಪ್ರಯಾಣಿಕರ ಗಳಿಕೆಯಲ್ಲಿ ದೊಡ್ಡ ಪಾಲು ಮೂರನೆಯ ದರ್ಜೆಯದು. ಅತ್ಯಂತ ಹೀನ ಉಪಚಾರವೂ ಅದಕ್ಕೇ. ಗಾಂಧೀಜಿ 1917ರಲ್ಲಿ ಮೂರನೆಯ ದರ್ಜೆಯ ಕೊಳಕನ್ನೂ ನೂಕುನುಗ್ಗಲನ್ನೂ ದೇಶದ ಮುಂದಿಟ್ಟರು. ದುಡ್ಡು ಕೊಟ್ಟವನೇ ದನದಂತೆ ಪ್ರಯಾಣ ಮಾಡಿ, ಇಳಿದ ಮೇಲೆ ‘ರೈಲು ಕೊಟ್ಟರು’ ಎಂದು ಹರಸಬೇಕಿತ್ತೆ?

ರೈಲು ತಂದ ರೋಗ, ಕಸಿದ ವೃತ್ತಿಗಳ ಲೆಕ್ಕವನ್ನು ಈ ದಾನದ ಕಥೆ ಮುಟ್ಟುವುದೇ ಇಲ್ಲ. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸಿ ಬದುಕುತ್ತಿದ್ದ ಲಂಬಾಣಿ, ಕೊರಚ ಸಮುದಾಯಗಳ ಕಸುಬು ರೈಲು ಮತ್ತು ಉಪ್ಪಿನ ಕಾನೂನುಗಳ ನಡುವೆ ಸಿಕ್ಕಿ ನುಗ್ಗಾಯಿತು. ಕಸುಬು ಕಳೆದುಕೊಂಡು ಅಲೆಯತೊಡಗಿದ ಕೊರಚರಂಥವರನ್ನು ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹುಟ್ಟುಗಳ್ಳರೆಂದು ಬರೆದುಕೊಂಡರು. ಮೊದಲು ಅನ್ನ ಕಸಿದುಕೊಂಡು, ಆಮೇಲೆ ಕಳ್ಳನೆಂದು ಹೆಸರಿಟ್ಟು, ಕೊನೆಗೆ ಪ್ರಗತಿಯ ಪಾಠ ಹೇಳಿದ ಆಡಳಿತ ಇದು. ಇನ್ನು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪಿಡುಗು 1898ರಲ್ಲಿ ಹುಬ್ಬಳ್ಳಿಯನ್ನು ಹಣಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ ರೈಲಿನ ಜನರ ಮೂಲಕ ಬೆಂಗಳೂರು ಮುಟ್ಟಿತು. ಅಂದರೆ ಹಾವೇರಿ, ರಾಣೆಬೆನ್ನೂರಿನ ಮೇಲೆ ಹಾದ ಇದೇ ಹಳಿಯಲ್ಲಿ. ಊರೂರು ಖಾಲಿಯಾಗಿ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಆ ಕಾಲದ ಪಾಡು ರೈಲಿನ ಹೊಗಳಿಕೆಯ ಪುಟಗಳಲ್ಲಿ ಒಂದು ಸಾಲಿಗೂ ಬರುವುದಿಲ್ಲ.

ಬರ ತಡೆಯುವ ಮಾತಾದರೂ ಉಳಿಯಿತೆ? ಹಳಿ ಬಿದ್ದು ಹತ್ತು ವರ್ಷ ದಾಟಿದ ಮೇಲೆ 1896–97ರಲ್ಲಿ, ಮತ್ತೆ 1899–1900ರಲ್ಲಿ, ಮುಂಬಯಿ ಪ್ರಾಂತದಲ್ಲಿ ಮಹಾಕ್ಷಾಮಗಳು ಬಂದವು. ಜನ ಲಕ್ಷಗಟ್ಟಲೆ ಸತ್ತರು. ರೈಲಿನಿಂದ ಧಾನ್ಯದ ಬೆಲೆ ಎಲ್ಲೆಡೆ ಸಮವಾಯಿತೆಂದು ಅರ್ಥಶಾಸ್ತ್ರಜ್ಞರು ಮೆಚ್ಚುತ್ತಾರೆ. ಸಮವಾಗುವುದೆಂದರೆ ಬೆಳೆದ ಊರಿನಲ್ಲೂ ಬೆಲೆ ಏರುವುದು. ಹಗೇವಿನಲ್ಲಿ ಎರಡು ಮಳೆಗಾಲಕ್ಕೆ ಆಗುವಷ್ಟು ಜೋಳ ಇಡುತ್ತಿದ್ದ ಸೀಮೆಯಲ್ಲಿ ಜೋಳ ನಿಲ್ದಾಣಕ್ಕೆ ಹೋಯಿತು, ಹೊಲಕ್ಕೆ ಹತ್ತಿ ಬಂತು. ದುಡ್ಡಿದ್ದವನಿಗೆ ಅದು ಮಾರುಕಟ್ಟೆ, ಕೂಲಿಯವನಿಗೆ ಖಾಲಿ ಹಗೇವು.

ಈಗ ನದಿಯಾಚೆಯ ಕಥೆ. ಮೈಸೂರು ಸ್ಟೇಟ್ ರೈಲ್ವೆಯನ್ನು ಮಹಾರಾಜರ ಕೊಡುಗೆ ಎನ್ನುವವರು ಅದರ ಮೊದಲ ಹತ್ತು ವರ್ಷಗಳನ್ನು ಓದಬೇಕು. ಬೆಂಗಳೂರು–ಮೈಸೂರು ಮಾರ್ಗ 1882ರಲ್ಲಿ ಪೂರ್ತಿಯಾದಾಗ ಸಂಸ್ಥಾನದ ತಲೆಯ ಮೇಲೆ ಬರಗಾಲದಲ್ಲಿ ಮಾಡಿದ 80 ಲಕ್ಷ ರೂಪಾಯಿ ಸಾಲವಿತ್ತು. ಸಾಲ ಕೊಟ್ಟದ್ದು ಬ್ರಿಟಿಷ್ ಭಾರತ ಸರ್ಕಾರ. ಐವತ್ತು ವರ್ಷ ತಾನೇ ಆಳಿದ ನಾಡಿನ ಜನ ಸಾಯುವಾಗ ಖರ್ಚು ಮಾಡಿದ್ದನ್ನು ಆ ಸರ್ಕಾರ ಸಂಸ್ಥಾನದ ಲೆಕ್ಕಕ್ಕೇ ಬರೆಯಿತು. ದಿವಾನ್ ರಂಗಾಚಾರ್ಲು ಸಂಸ್ಥಾನದೊಳಗೇ 20 ಲಕ್ಷ ಸಾಲ ಎತ್ತಿ ಹಳಿಯನ್ನು ತುಮಕೂರು, ಗುಬ್ಬಿಯ ಕಡೆ ಒಯ್ಯುವ ಕೆಲಸ ಹಚ್ಚಿದರು. ನಾಡಿನ ಹಣದಿಂದ ನಾಡಿನ ರೈಲು ಎಂಬ ದಾರಿ ಸಾಧ್ಯವಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಆ ದಾರಿ 1886ರಲ್ಲಿ ಮುಚ್ಚಿತು. ಸಂಸ್ಥಾನದ ರೈಲು ಸದರ್ನ್ ಮರಾಠಾ ಕಂಪನಿಗೆ ಅಡವು ಬಿತ್ತು. ಲಂಡನ್ನಿನಲ್ಲಿ ಶೇಕಡ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡು ಎತ್ತಲಾಯಿತು. ಓಡಿಸುವ ಅಧಿಕಾರ ಕಂಪನಿಗೆ, ನಿವ್ವಳ ಗಳಿಕೆಯಲ್ಲಿ ಪಾಲು ಕಂಪನಿಗೆ, ಬಡ್ಡಿಯ ಹೊಣೆ ಮೈಸೂರಿಗೆ. 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ಹಳಿ ಮುಗಿದು ಹುಬ್ಬಳ್ಳಿಯ ಕಡೆಯ ಹಳಿಗೆ ಕೂಡಿತು. ಒಡೆಯನೆಂಬ ಹೆಸರು ಮೈಸೂರಿಗೆ, ಒಡೆತನ ಬೇರೆಯವರಿಗೆ. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು–ಅರಸೀಕೆರೆ ಮಾರ್ಗವನ್ನು ಸಂಸ್ಥಾನವೇ ಕಟ್ಟಿತು, ಭಟ್ಕಳದಲ್ಲಿ ಬಂದರಿನ ಕನಸನ್ನೂ ಕಂಡಿತು. ಆದರೆ ಕರಾವಳಿ ಬ್ರಿಟಿಷರದು, ಕನಸು ಕಡತದಲ್ಲೇ ಉಳಿಯಿತು. 1919ರಲ್ಲಿ ಕೆಲವು ಮಾರ್ಗಗಳು ಸಂಸ್ಥಾನದ ಕೈಗೆ ಬಂದವು. ಬೆಂಗಳೂರು–ಹರಿಹರ ಹೆಮ್ಮಾರ್ಗ ಬರಲು 1938ರವರೆಗೆ ಕಾಯಬೇಕಾಯಿತು. ಅರ್ಧ ಶತಮಾನ ತನ್ನ ರೈಲನ್ನು ತಾನೇ ಓಡಿಸಲಾಗದೆ ಕಾದ ಸಂಸ್ಥಾನದ ಇತಿಹಾಸವನ್ನು ರಾಜವೈಭವದ ಕಥೆಯಾಗಿ ಹೇಳುವುದು ಮೈಸೂರಿಗೇ ಅವಮಾನ.

ಕೊನೆಗೆ ಉಳಿಯುವ ಸಮರ್ಥನೆ: ರೈಲು ಹರಿದು ಹಂಚಿದ ಕನ್ನಡಿಗರನ್ನು ಕೂಡಿಸಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಉತ್ತರದವರೂ ಸೇರಿದರು. ಆಲೂರು ವೆಂಕಟರಾಯರಂಥವರು ಊರೂರು ಸುತ್ತಿ ಏಕೀಕರಣದ ಮಾತು ಹಬ್ಬಿಸಿದರು. ಅವರು ಟಿಕೆಟ್ಟಿನ ದುಡ್ಡು ಕೊಟ್ಟೇ ಹೋದರು. ಕೂಡಿಸಿದ್ದು ಅವರ ಛಲ. ಕಂಪನಿಯಾಗಲಿ ಸರ್ಕಾರವಾಗಲಿ ಕನ್ನಡಿಗರನ್ನು ಕೂಡಿಸಲು ಬೆರಳೂ ಆಡಿಸಲಿಲ್ಲ. 1956ರವರೆಗೆ ತುಂಗಭದ್ರೆ ಎರಡು ಆಡಳಿತಗಳ ನಡುವಿನ ಗಡಿಯಾಗಿಯೇ ಇತ್ತು. ಆ ಕಾಲದ ಜನಕ್ಕೆ ರೈಲು ಯಾರದೆಂಬ ಭ್ರಮೆಯೂ ಇರಲಿಲ್ಲ. 1942ರ ಚಳವಳಿಯಲ್ಲಿ ಕರ್ನಾಟಕದ ಉದ್ದಕ್ಕೂ ತಂತಿ ಕತ್ತರಿಸಿದರು, ಹಳಿ ಕಿತ್ತರು, ನಿಲ್ದಾಣಗಳಿಗೆ ಬೆಂಕಿ ಇಟ್ಟರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ, ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ಹಾವೇರಿ ನಿಲ್ದಾಣಕ್ಕೆ ಈಗ ಅವರದೇ ಹೆಸರಿದೆ. ಆ ಹೆಸರಿನ ಫಲಕದ ಕೆಳಗೆ ನಿಂತು ‘ಇಂಗ್ಲಿಷರ ಕೊಡುಗೆ’ ಎನ್ನಲು ನಾಲಿಗೆ ಹೇಗೆ ಏಳುತ್ತದೆ?

ದಾನದ ಕಥೆಯ ಹಾನಿ ಸ್ವಾತಂತ್ರ್ಯದೊಂದಿಗೆ ಮುಗಿಯಲಿಲ್ಲ. 1951ರ ಏಪ್ರಿಲ್ 14ರಂದು ಮೈಸೂರು ರೈಲ್ವೆಯೂ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯೂ ದಕ್ಷಿಣ ರೈಲ್ವೆಯಲ್ಲಿ ಸೇರಿದವು. ಯಜಮಾನ ಬದಲಾದ, ನಕ್ಷೆ ಬದಲಾಗಲಿಲ್ಲ. ಒಂದು ತುದಿಯ ಶಹರದಿಂದ ಇನ್ನೊಂದು ತುದಿಯ ಶಹರಕ್ಕೆ ಬೇಗ ಮುಟ್ಟುವುದಕ್ಕೆಂದೇ ಎಳೆದ ಗೆರೆ ಹಾಗೆಯೇ ಉಳಿಯಿತು. ನಡುವಿನ ಊರುಗಳು ಅದರ ಕಿಟಕಿಯಲ್ಲಿ ಕಾಣುವ ನೋಟ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ. ಹುಬ್ಬಳ್ಳಿ ಕೇಂದ್ರವಾದ ನೈಋತ್ಯ ವಲಯ ಬಂದದ್ದು 2003ರಲ್ಲಿ, ಅದೂ ಹೋರಾಡಿದ ಮೇಲೆ. ಯಲವಿಗಿಯಿಂದ ಗದಗಿಗೆ, ರಾಣೆಬೆನ್ನೂರಿನಿಂದ ಶಿಕಾರಿಪುರದ ಮೇಲೆ ಶಿವಮೊಗ್ಗಕ್ಕೆ ಅಡ್ಡಹಳಿ ಹಾಕುವ ಮಾತು ಕಾಗದ ಬಿಟ್ಟು ನೆಲಕ್ಕಿಳಿಯಲು ನೂರಮೂವತ್ತು ವರ್ಷ ಹಿಡಿಯಿತು. 2023ರ ಜೂನಿನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ದಾವಣಗೆರೆ ಬಿಟ್ಟರೆ ಮುಂದಿನ ನಿಲುಗಡೆ ಹುಬ್ಬಳ್ಳಿ. ನಡುವೆ ಇಡೀ ಹಾವೇರಿ ಜಿಲ್ಲೆಯಲ್ಲಿ ಒಂದು ನಿಮಿಷದ ನಿಲುಗಡೆಯೂ ಇರಲಿಲ್ಲ. ಆಗ ನಡೆದದ್ದೇನು? ಮನವಿಪತ್ರ, ನಿಯೋಗ, ಹಾರ ತುರಾಯಿ. ಒಂದು ನಿಲುಗಡೆ ಸಿಕ್ಕರೆ ಅಭಿನಂದನಾ ಫಲಕ. ಹಕ್ಕಿನ ನಿಲುಗಡೆಗೆ ಧನ್ಯವಾದ ಹೇಳಿಸುವ ಈ ಚಾಳಿ ದಾನದ ಕಥೆಯ ಮೊಮ್ಮಗು.

ಬ್ಯಾಡಗಿಯ ಪೇಟೆ ಈ ದುರವಸ್ಥೆಗೆ ಕನ್ನಡಿ. ಅಲ್ಲಿನ ಡಬ್ಬಿ, ಕಡ್ಡಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಬಣ್ಣದ ಸತ್ವ ಓಲಿಯೋರೆಸಿನ್ನಾಗಿ ಹೊರದೇಶಗಳಿಗೆ ಹೋಗುತ್ತದೆ. ಸೀಜನ್ನಿನ ಸೋಮವಾರ, ಗುರುವಾರಗಳಲ್ಲಿ ಎಪಿಎಂಸಿಯ ಅಂಗಳದಲ್ಲಿ ಚೀಲ ಬಿಟ್ಟರೆ ನೆಲ ಕಾಣುವುದಿಲ್ಲ. ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡು ಘಾಟಿನಲ್ಲೇ ಹೊರುತ್ತಾರೆ. ಆ ಚೀಲಗಳು ಬಳ್ಳಾರಿ, ರಾಯಚೂರು, ಆಂಧ್ರದಿಂದ ಬರುವುದು ಲಾರಿಯಲ್ಲಿ, ಹೋಗುವುದೂ ಲಾರಿಯಲ್ಲಿ. ದೇಶದ ದೊಡ್ಡ ಮೆಣಸಿನಕಾಯಿ ಪೇಟೆಗಳಲ್ಲೊಂದಕ್ಕೆ ರೈಲು ಇದೆ. ಆ ಪೇಟೆಯ ಮಾಲಿಗೆ ರೈಲು ಇಲ್ಲ. ರಾಣೆಬೆನ್ನೂರಿನ ಬಿತ್ತನೆ ಬೀಜದ ವಹಿವಾಟೂ ಹೆದ್ದಾರಿಯನ್ನೇ ನಂಬಿದೆ. ಊರನ್ನು ಬೆಳೆಸಿದ ರೈಲು ಎಂದು ಹಾಡುವವರು ಈ ಅಂಗಳದಲ್ಲಿ ಒಂದು ತಾಸು ನಿಂತು ಲಾರಿ ಎಣಿಸಲಿ.

ಆಗಬೇಕಾದದ್ದು ಸ್ಪಷ್ಟ. ಪಠ್ಯಪುಸ್ತಕದಿಂದ ‘ರೈಲು ಕೊಟ್ಟರು’ ಎಂಬ ಪಾಠ ಹೋಗಬೇಕು. ಬಡ್ಡಿಯ ಖಾತರಿ, ಬರಗಾಮಗಾರಿಯ ಕೂಲಿ, ಕಾರವಾರವನ್ನು ಕೈಬಿಟ್ಟ ಒಪ್ಪಂದ, 1886ರ ಅಡವಿನ ಕರಾರು ಅಲ್ಲಿಗೆ ಬರಬೇಕು. ಸದರ್ನ್ ಮರಾಠಾ ಕಂಪನಿ ಮತ್ತು ಮೈಸೂರು ಸ್ಟೇಟ್ ರೈಲ್ವೆಯ ಕಡತಗಳನ್ನು ರಾಜ್ಯದ ಪತ್ರಾಗಾರ ಮತ್ತು ನೈಋತ್ಯ ರೈಲ್ವೆ ಸೇರಿ ಕನ್ನಡದಲ್ಲಿ ಪ್ರಕಟಿಸಬೇಕು. ಹರಿಹರದಿಂದ ಹುಬ್ಬಳ್ಳಿಯವರೆಗಿನ ಪ್ರತಿ ನಿಲ್ದಾಣದಲ್ಲೂ ಹಳಿ ಹಾಕಿದ ವರ್ಷದ ಜೊತೆಗೆ ಅದರ ಹಣ ಯಾರದು, ದುಡಿಮೆ ಯಾರದು ಎಂಬುದನ್ನು ಕಲ್ಲಿನಲ್ಲಿ ಕೊರೆಯಬೇಕು. ಬ್ಯಾಡಗಿಯ ಮೆಣಸಿನಕಾಯಿಗೆ, ಹಾವೇರಿಯ ಗೋವಿನಜೋಳಕ್ಕೆ, ರಾಣೆಬೆನ್ನೂರಿನ ಬೀಜಕ್ಕೆ ಸರಕು ಕಟ್ಟೆ, ತಣ್ಣನೆಯ ವ್ಯಾಗನ್ನು, ಒಳನಾಡಿನ ಸಾಗಣೆಗೆ ನ್ಯಾಯವಾದ ದರ ಬರಬೇಕು. ಅಡ್ಡಹಳಿಗಳಿಗೆ ಮುಗಿಸುವ ದಿನಾಂಕವನ್ನು ಬರೆದು ಕೊಡಬೇಕು, ತಪ್ಪಿದರೆ ಉತ್ತರಿಸಬೇಕಾದ ಅಧಿಕಾರಿಯ ಹುದ್ದೆಯನ್ನೂ ಬರೆಯಬೇಕು. ಇವನ್ನು ಕೇಳುವಾಗ ಹಾರ ತುರಾಯಿ ಬೇಡ, ನಿಯೋಗದ ಗ್ರೂಪ್ ಫೋಟೋ ಬೇಡ. ನೂರನಲವತ್ತು ವರ್ಷಗಳಿಂದ ಈ ಸೀಮೆ ನೆಲ ಕೊಟ್ಟಿದೆ, ತೆರಿಗೆ ಕೊಟ್ಟಿದೆ, ಟಿಕೆಟ್ಟಿನ ದುಡ್ಡು ಕೊಟ್ಟಿದೆ, ಜೀವ ಕೊಟ್ಟಿದೆ. ರೈಲಿನ ಸಾಲಗಾರ ಹಾವೇರಿಯಲ್ಲ. ರೈಲೇ ಹಾವೇರಿಗೆ ಸಾಲಗಾರ. ಆ ಬಾಕಿಯನ್ನು ಬಡ್ಡಿ ಸಮೇತ ವಸೂಲು ಮಾಡುವ ಜಗಳಕ್ಕೆ ಜಿಲ್ಲೆಯ ಜನ ಇಳಿಯಲೇಬೇಕು.